ವಿಎಸ್ ಕೋಡ್ ಬಳಸದವರಿಗೂ ಒಂದು ಪುಟ: ಓಪನ್ ಸೋರ್ಸ್ ಯೋಜನೆಗಳಿಗೆ ಎಡಿಟರ್ ಸೆಟಪ್‌ಗಳ ಹೋಲಿಕೆ

ಬಹಳಷ್ಟು ಓಪನ್ ಸೋರ್ಸ್ ಯೋಜನೆಗಳಲ್ಲಿ ಹೊಸಬರಿಗಾಗಿ ಬರೆದ ಪುಟ ತೆರೆದರೆ ಎಡಿಟರ್ ಬಗ್ಗೆ ಇರುವುದು ಎರಡೇ ಸಾಲು. ವಿಎಸ್ ಕೋಡ್ ಹಾಕಿಕೊಳ್ಳಿ. ನಾವು ಹೇಳಿದ ಎಕ್ಸ್‌ಟೆನ್ಷನ್‌ಗಳನ್ನು ಸೇರಿಸಿಕೊಳ್ಳಿ. ಅಷ್ಟೇ. ಅದಕ್ಕೆ ಕಾರಣವೂ ಇದೆ ಅನ್ನಿ. 2024ರ ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಅದನ್ನೇ ಬಳಸುತ್ತೇವೆ ಅಂದಿದ್ದರು. ಆದರೆ ಮಿಕ್ಕವರೂ ಕೋಡ್ ಬರೆಯುತ್ತಾರೆ, ಅಲ್ವಾ? ಸರ್ವರ್‌ಗೆ ಲಾಗಿನ್ ಆಗಿ ವಿಮ್‌ನಲ್ಲೇ ಕೆಲಸ ಮುಗಿಸುವವರು, ಈಮ್ಯಾಕ್ಸ್ ಬಿಟ್ಟು ಅಲ್ಲಾಡದವರು, 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಮತ್ತು ಎಡಿಟರ್ ಎರಡನ್ನೂ ಒಟ್ಟಿಗೆ ತೆರೆಯಲಾಗದ ವಿದ್ಯಾರ್ಥಿಗಳು. ಇವರೆಲ್ಲ ಆ ಎರಡು ಸಾಲು ಓದಿ ತಮ್ಮ ಪಾಡಿಗೆ ತಾವು ಒದ್ದಾಡುತ್ತಾರೆ.

ಈ ಬರಹ ಯೋಜನೆ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ, ಮತ್ತು ‘ನನ್ನ ಎಡಿಟರ್‌ಗೂ ಒಂದು ಪುಟ ಬರೆದು ಕೊಡ್ತೀನಿ’ ಅನ್ನುವ ಕಾಂಟ್ರಿಬ್ಯೂಟರ್‌ಗಳಿಗೆ. ಯಾವ ಎಡಿಟರ್ ದೊಡ್ಡದು ಅನ್ನುವ ಜಗಳ ಇಲ್ಲಿ ಬೇಡ. ಯಾವುದಕ್ಕೆ ಸೆಟಪ್ ಬರೆದಿಟ್ಟರೆ ಯೋಜನೆಗೆ ಲಾಭ, ಎಷ್ಟು ಬರೆದರೆ ಸಾಕು, ಬರೆದ ಮೇಲೆ ಯಾವುದು ತಲೆನೋವಾಗುತ್ತದೆ, ಅದಷ್ಟನ್ನೇ ನೋಡೋಣ.

## ಎಡಿಟರ್‌ಗಿಂತ ಮೊದಲು ಬರೆಯಬೇಕಾದ್ದು

2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಹೊರತಂದವು. ಅದಕ್ಕೂ ಮೊದಲು ಒಂದೊಂದು ಭಾಷೆಗೆ ಒಂದೊಂದು ಎಡಿಟರ್‌ನಲ್ಲೂ ಬೇರೆಬೇರೆ ಪ್ಲಗಿನ್ ಬರೆಯಬೇಕಿತ್ತು. ಈಗ ಕೋಡ್ ಅರ್ಥಮಾಡಿಕೊಳ್ಳುವ ಕೆಲಸ ಲ್ಯಾಂಗ್ವೇಜ್ ಸರ್ವರ್‌ನದ್ದು. ಗೋ ಭಾಷೆಗೆ ಗೋಪ್ಲೀಸ್, ರಸ್ಟ್‌ಗೆ ರಸ್ಟ್ ಅನಲೈಸರ್, ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಕ್ಲ್ಯಾಂಗ್‌ಡಿ. ತಪ್ಪಿರುವ ಕಡೆ ಕೆಂಪು ಗೆರೆ ಎಳೆಯುವುದು, ಫಂಕ್ಷನ್ ಎಲ್ಲಿದೆ ಅಂತ ತೋರಿಸುವುದು, ಇದೆಲ್ಲ ಸರ್ವರ್ ಹೇಳಿದ್ದನ್ನು ಎಡಿಟರ್ ತೆರೆಯ ಮೇಲೆ ತೋರಿಸುವ ಕೆಲಸ ಮಾತ್ರ.

ಹಾಗಾಗಿ ‘ಈ ಎಕ್ಸ್‌ಟೆನ್ಷನ್ ಹಾಕಿ’ ಅಂತ ಬರೆದರೆ ಒಂದು ಎಡಿಟರ್‌ನವರಿಗೆ ಮಾತ್ರ ಉಪಯೋಗ. ‘ನಮ್ಮದು ಕ್ಲ್ಯಾಂಗ್‌ಡಿ, ಅದಕ್ಕೆ ಈ ಫೈಲು ಬೇಕು, ಅದನ್ನು ಹೀಗೆ ತಯಾರಿಸಿ’ ಅಂತ ಬರೆದರೆ ಎಲ್ಲರಿಗೂ ಆಯಿತು.

ಲಿನಕ್ಸ್ ಕರ್ನಲ್ ಇದಕ್ಕೆ ಒಳ್ಳೇ ಉದಾಹರಣೆ. ಕರ್ನಲ್ ಕೋಡನ್ನು ಸುಮ್ನೆ ಯಾವುದೋ ಎಡಿಟರ್‌ನಲ್ಲಿ ತೆರೆದು ಕ್ಲ್ಯಾಂಗ್‌ಡಿ ಓಡಿಸಿದರೆ ಹೆಡರ್ ಫೈಲುಗಳು ಸಿಗುವುದಿಲ್ಲ. ಪುಟ ತುಂಬ ಕೆಂಪು. ಹೊಸಬರು ಎಡಿಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಿಜವಾಗಿ ಬೇಕಿರುವುದು ‘ಕಂಪೈಲ್ ಕಮಾಂಡ್ಸ್’ ಅನ್ನುವ ಒಂದು ಜೇಸನ್ ಫೈಲು. ಪ್ರತಿಯೊಂದು ಸಿ ಫೈಲನ್ನು ಯಾವ ಫ್ಲ್ಯಾಗ್‌ಗಳೊಂದಿಗೆ ಕಂಪೈಲ್ ಮಾಡಲಾಗಿದೆ ಅನ್ನುವ ಪಟ್ಟಿ ಅದು. ಕರ್ನಲ್ ಒಮ್ಮೆ ಬಿಲ್ಡ್ ಆದ ಮೇಲೆ ಆ ಫೈಲಿನ ಹೆಸರನ್ನೇ ಮೇಕ್‌ಗೆ ಕೊಟ್ಟರೆ ಅದು ತಯಾರಾಗುತ್ತದೆ. ಈ ಒಂದು ಸಾಲು ವಿಮ್, ಈಮ್ಯಾಕ್ಸ್, ಕೇಟ್, ವಿಎಸ್ ಕೋಡ್ ಎಲ್ಲಕ್ಕೂ ಅನ್ವಯ. ಯೋಜನೆ ಸಿಮೇಕ್ ಬಳಸುತ್ತಿದ್ದರೆ ಅದೇ ಫೈಲನ್ನು ಹೊರಡಿಸಲು ಒಂದು ಆಯ್ಕೆಯನ್ನು ಆನ್ ಮಾಡಿದರೆ ಸಾಕು.

ಇದರ ಜೊತೆಗೆ ಎಡಿಟರ್‌ಕಾನ್ಫಿಗ್ ಫೈಲು. ಟ್ಯಾಬೋ ಸ್ಪೇಸೋ, ಎಷ್ಟು ಅಗಲ, ಸಾಲಿನ ಕೊನೆ ಹೇಗಿರಬೇಕು, ಫೈಲಿನ ಕೊನೆಯಲ್ಲಿ ಹೊಸ ಸಾಲು ಬೇಕೋ, ಇಷ್ಟನ್ನು ಆರೇಳು ಸಾಲಿನಲ್ಲಿ ಹೇಳುತ್ತದೆ. ಜೆಟ್‌ಬ್ರೈನ್ಸ್‌ನವರ ಐಡಿಇಗಳು ಇದನ್ನು ಹಾಗೇ ಓದುತ್ತವೆ. ಕೇಟ್ ಕೂಡ. ನಿಯೋವಿಮ್ 2023ರ 0.9 ಆವೃತ್ತಿಯಿಂದ ತಾನಾಗೇ ಓದುತ್ತದೆ. ಈಮ್ಯಾಕ್ಸ್ 30ರಲ್ಲಿ ಇದು ಜೊತೆಗೇ ಬರುತ್ತದೆ, ಆನ್ ಮಾಡಿಕೊಳ್ಳಬೇಕು. ತಮಾಷೆ ಅಂದರೆ ಎಲ್ಲರೂ ಬಳಸುವ ವಿಎಸ್ ಕೋಡ್‌ಗೆ ಮಾತ್ರ ಇದಕ್ಕೆ ಬೇರೆ ಎಕ್ಸ್‌ಟೆನ್ಷನ್ ಹಾಕಬೇಕು.

ಈ ಫೈಲಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು ರಿವ್ಯೂ ಮಾಡಿದ ಎಲ್ಲರಿಗೂ ಗೊತ್ತು. ಬದಲಾಗಬೇಕಿದ್ದದ್ದು ಒಂದು ಷರತ್ತು. ಏನು ಬದಲಾಗಿದೆ ಅಂತ ತೋರಿಸುವ ಡಿಫ್‌ನಲ್ಲಿ ಕಾಣುವುದು ಇಡೀ ಫೈಲು. ಯಾರದೋ ಎಡಿಟರ್ ಸೇವ್ ಮಾಡುವಾಗ ಸಾಲಿನ ಕೊನೆಯ ಖಾಲಿ ಜಾಗಗಳನ್ನೆಲ್ಲ ಗುಡಿಸಿ ಹಾಕಿರುತ್ತದೆ, ಇಲ್ಲವೇ ವಿಂಡೋಸ್‌ನ ಸಾಲುಕೊನೆಗಳನ್ನು ತುರುಕಿರುತ್ತದೆ. ಆಮೇಲೆ ‘ಫಾರ್ಮ್ಯಾಟಿಂಗ್ ಬದಲಾವಣೆ ಬೇರೆ ಪಿಆರ್‌ನಲ್ಲಿ ಕಳಿಸಿ’ ಅನ್ನುವ ಅದೇ ಕಾಮೆಂಟು. (ಪಿಆರ್ ಅಂದರೆ ಪುಲ್ ರಿಕ್ವೆಸ್ಟ್, ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ.) ಗಿಟ್‌ನ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಸಾಲುಕೊನೆಯ ಬಗ್ಗೆ ಒಂದು ನಿಯಮ ಬರೆದರೆ ವಿಂಡೋಸ್‌ನ ಕಾಟ ಬಹುಪಾಲು ತಪ್ಪುತ್ತದೆ.

## ರಸ್ಟ್ ಕಂಪೈಲರ್‌ನವರು ಮಾಡಿದ್ದು

ಬೇರೆ ಎಡಿಟರ್‌ಗಳನ್ನೂ ಸಮನಾಗಿ ನೋಡಿಕೊಂಡ ಯೋಜನೆ ಯಾವುದು ಅಂತ ಕೇಳಿದರೆ ನಾನು ಮೊದಲು ತೋರಿಸುವುದು ರಸ್ಟ್ ಕಂಪೈಲರ್‌ನ ರೆಪೊವನ್ನು, ಅಂದರೆ ಅದರ ಕೋಡ್ ಇಟ್ಟಿರುವ ಜಾಗವನ್ನು. ಅಲ್ಲಿ ಇದು ಶೋಕಿಗೆ ಮಾಡಿದ್ದಲ್ಲ. ಸಾಮಾನ್ಯ ರಸ್ಟ್ ಯೋಜನೆಯಲ್ಲಿ ರಸ್ಟ್ ಅನಲೈಸರ್ ಕಾರ್ಗೋ ಅನ್ನುವ ಬಿಲ್ಡ್ ಟೂಲನ್ನು ಕರೆದು ತಪ್ಪು ಹುಡುಕುತ್ತದೆ. ಆದರೆ ಕಂಪೈಲರ್ ತನ್ನನ್ನೇ ತಾನು ಹಂತಹಂತವಾಗಿ ಕಟ್ಟಿಕೊಳ್ಳಬೇಕು. ಅದಕ್ಕೆ ಎಕ್ಸ್ ಅನ್ನುವ ತನ್ನದೇ ಬಿಲ್ಡ್ ಸ್ಕ್ರಿಪ್ಟ್ ಇದೆ. ರಸ್ಟ್ ಅನಲೈಸರ್‌ಗೆ ‘ಕಾರ್ಗೋ ಬೇಡ, ಈ ಸ್ಕ್ರಿಪ್ಟನ್ನೇ ಕರಿ’ ಅಂತ ಹೇಳದಿದ್ದರೆ ಯಾವ ಎಡಿಟರ್‌ನಲ್ಲೂ ಕೆಲಸ ಆಗುವುದಿಲ್ಲ.

ಅವರು ಏನು ಮಾಡಿದರು ನೋಡಿ. ಆ ಸ್ಕ್ರಿಪ್ಟಿಗೇ ‘ಸೆಟಪ್ ಎಡಿಟರ್’ ಅನ್ನುವ ಕಮಾಂಡ್ ಸೇರಿಸಿದರು. ಓಡಿಸಿದರೆ ಯಾವ ಎಡಿಟರ್ ಅಂತ ಕೇಳುತ್ತದೆ. ವಿಎಸ್ ಕೋಡ್, ವಿಮ್, ಈಮ್ಯಾಕ್ಸ್, ಹೀಲಿಕ್ಸ್, ಝೆಡ್. ಆರಿಸಿದ ಮೇಲೆ ಆ ಎಡಿಟರ್ ಓದುವ ಜಾಗದಲ್ಲಿ ಸರಿಯಾದ ಸೆಟ್ಟಿಂಗ್ ಫೈಲು ಬರೆದು ಕೊಡುತ್ತದೆ. ಮೂಲ ಫೈಲುಗಳು ರೆಪೊದಲ್ಲೇ ಇವೆ. ಜೇಸನ್ ಬೇಕಾದವರಿಗೆ ಜೇಸನ್, ಈಮ್ಯಾಕ್ಸ್‌ಗೆ ಲಿಸ್ಪ್, ಹೀಲಿಕ್ಸ್‌ಗೆ ಟಾಮ್ಲ್. ಒಳಗಿನ ವಿಷಯ ಮಾತ್ರ ಹೆಚ್ಚುಕಡಿಮೆ ಒಂದೇ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಚಿಕ್ಕ ಉಪಾಯ. ಹಿಂದೆ ಕೊಟ್ಟ ಸೆಟ್ಟಿಂಗ್ ಫೈಲುಗಳ ಹ್ಯಾಶ್‌ಗಳನ್ನು (ಫೈಲಿನ ಬೆರಳಚ್ಚು ಅನ್ನಿ) ಸ್ಕ್ರಿಪ್ಟ್ ನೆನಪಿಟ್ಟುಕೊಂಡಿರುತ್ತದೆ. ನಿಮ್ಮ ಹತ್ತಿರ ಇರುವ ಫೈಲು ಹಳೇ ಹ್ಯಾಶ್‌ಗೆ ಹೊಂದಿದರೆ, ನೀವು ಅದನ್ನು ಮುಟ್ಟಿಲ್ಲ, ಅದು ಹಳತಾಗಿದೆ ಅಷ್ಟೇ ಅಂತ ಗೊತ್ತಾಗುತ್ತದೆ. ಯಾವುದಕ್ಕೂ ಹೊಂದದಿದ್ದರೆ ನೀವೇ ತಿದ್ದಿಕೊಂಡಿದ್ದೀರಿ ಅಂತ ಲೆಕ್ಕ, ಆಗ ಕೇಳದೆ ಮುಟ್ಟುವುದಿಲ್ಲ. ಎಡಿಟರ್ ಬಳಸುವವರಿಗೆ ತಮ್ಮ ಸೆಟ್ಟಿಂಗ್ ಮೇಲೆ ಎಷ್ಟು ಮಮತೆ ಅಂತ ಗೊತ್ತಿದ್ದವರು ಬರೆದ ಕೋಡ್ ಇದು.

ಅವರ ಮಾರ್ಗದರ್ಶಿಯಲ್ಲಿ ಇನ್ನೊಂದು ಕೆಲಸಕ್ಕೆ ಬರುವ ಮಾತಿದೆ. ಎಡಿಟರ್ ಹಿನ್ನೆಲೆಯಲ್ಲಿ ಚೆಕ್ ಓಡಿಸುವಾಗ ನೀವು ಟರ್ಮಿನಲ್‌ನಲ್ಲೂ ಬಿಲ್ಡ್ ಹಾಕಿದರೆ ಎರಡೂ ಒಂದೇ ಫೋಲ್ಡರಿಗೆ ಕಾದಾಡುತ್ತವೆ, ಒಂದು ಮುಗಿಯುವ ತನಕ ಇನ್ನೊಂದು ಕಾಯುತ್ತದೆ. ಅದಕ್ಕೆ ಎಡಿಟರ್‌ಗೆ ಬೇರೆ ಬಿಲ್ಡ್ ಫೋಲ್ಡರ್ ಕೊಡಿ, ಡಿಸ್ಕ್ ಜಾಗ ಜಾಸ್ತಿ ಹೋಗುತ್ತದೆ ಅಂತ ಬರೆದಿದ್ದಾರೆ. ಇಂಥ ವಿಷಯ ಯಾವ ಎಡಿಟರ್‌ನ ಮ್ಯಾನ್ಯುವಲ್‌ನಲ್ಲೂ ಸಿಗುವುದಿಲ್ಲ. ಯೋಜನೆಯವರೇ ಬರೆಯಬೇಕು.

ನಿಮ್ಮ ಯೋಜನೆ ಅಷ್ಟು ದೊಡ್ಡದಲ್ಲದಿದ್ದರೆ ಸ್ಕ್ರಿಪ್ಟ್ ಬರೆಯಲು ಹೋಗಬೇಡಿ. ಸೆಟ್ಟಿಂಗ್ ತುಣುಕುಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಕಾಪಿ ಮಾಡಿಕೊಳ್ಳಿ ಅಂದರೆ ಸಾಕು.

## ಪುಟವೋ, ಕಂಟೇನರೋ?

ಕೆಲವು ಮೇಂಟೇನರ್‌ಗಳು ಈ ರಗಳೆಯೇ ಬೇಡ ಅಂತ ಡೆವ್ ಕಂಟೇನರ್ ಕೊಟ್ಟುಬಿಡುತ್ತಾರೆ. ಒಂದು ಜೇಸನ್ ಫೈಲಿನಲ್ಲಿ ಯಾವ ಇಮೇಜ್, ಯಾವ ಟೂಲ್, ಯಾವ ಪೋರ್ಟ್ ಅಂತ ಬರೆದಿರುತ್ತದೆ. ತೆರೆದರೆ ಎಲ್ಲ ತಯಾರು. ಡೇಟಾಬೇಸ್, ಕ್ಯೂ, ಮೂರು ಭಾಷೆಯ ರನ್‌ಟೈಮ್ ಎಲ್ಲ ಬೇಕಾಗುವ ವೆಬ್ ಯೋಜನೆಗೆ ಇದು ನಿಜಕ್ಕೂ ವರ. ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲಿ ಅದೇ ಫೈಲು ಬ್ರೌಸರ್‌ನಲ್ಲೇ ಓಡುತ್ತದೆ. ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್ ಗಂಟೆ ಉಚಿತ. ಎರಡು ಕೋರ್‌ನ ಮಷೀನಾದರೆ 60 ಗಂಟೆ. ವಾರಾಂತ್ಯದಲ್ಲಿ ಕೂತು ಪಿಆರ್ ಕಳಿಸುವವರಿಗೆ ಧಾರಾಳ.

ಆದರೆ ಎರಡು ವಿಷಯ ಗಮನಿಸಿ. ಕೋಡ್‌ಸ್ಪೇಸಸ್‌ಗೆ ನೆಟ್ ಕಡಿಯಬಾರದು. ಸಂಜೆ ಕರೆಂಟ್ ಹೋದ ಕೂಡಲೇ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬರುವವರಿಗೆ ಅದು ಕಿರಿಕಿರಿ. ಸ್ವಂತ ಮಷೀನಿನಲ್ಲೇ ಕಂಟೇನರ್ ಓಡಿಸೋಣ ಅಂದರೆ ಡಾಕರ್ ಇಮೇಜಿನ ಡೌನ್‌ಲೋಡ್ ಮತ್ತು ರ‍್ಯಾಮ್ ಎರಡೂ ಬೇಕು. ಎರಡನೆಯದು, ಡೆವ್ ಕಂಟೇನರ್‌ನ ವಿವರಣೆ ಮುಕ್ತವಾಗಿದ್ದರೂ ವಿಎಸ್ ಕೋಡ್‌ನಲ್ಲಿ ಅದನ್ನು ತೆರೆಯುವ ಎಕ್ಸ್‌ಟೆನ್ಷನ್ ಮುಕ್ತವಲ್ಲ. ಬೇರೆಯವರಿಗೆ ಡೆವ್ ಕಂಟೇನರ್‌ನ ಕಮಾಂಡ್ ಲೈನ್ ಟೂಲ್ ಇದೆ, ಅದು ಓಪನ್ ಸೋರ್ಸ್. ಅದರಿಂದ ಕಂಟೇನರ್ ಎಬ್ಬಿಸಿ, ಒಳಗೆ ಟರ್ಮಿನಲ್ ತೆರೆದು ವಿಮ್ ಓಡಿಸಬಹುದು. ಅದನ್ನು ಎರಡು ಸಾಲಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಕಂಟೇನರ್ ಕೊಟ್ಟೂ ಒಂದೇ ಎಡಿಟರ್‌ಗೆ ಕಟ್ಟಿಹಾಕಿದಂತೆ.

ನನ್ನ ಪ್ರಕಾರ ಕಂಟೇನರ್ ಇದ್ದರೂ ಕೈಯಾರೆ ಸೆಟಪ್ ಮಾಡುವ ಪುಟ ಇರಲೇಬೇಕು. ಕಂಟೇನರ್ ಒಂದೇ ಇರುವ ಯೋಜನೆಯಲ್ಲಿ ಸ್ವಲ್ಪ ದಿನಕ್ಕೆ ಏನೇನು ಬೇಕು ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ.

## ಒಂದೊಂದಾಗಿ

ವಿಎಸ್‌ಕೋಡಿಯಂ. ಇದಕ್ಕೆ ಬೇರೆ ಪುಟ ಬೇಡ, ವಿಎಸ್ ಕೋಡ್ ಪುಟದಲ್ಲೇ ಒಂದು ಎಚ್ಚರಿಕೆ ಸಾಕು. ಆದರೆ ಆ ಎಚ್ಚರಿಕೆ ತುಂಬ ಮುಖ್ಯ. ವಿಎಸ್ ಕೋಡ್‌ನ ಮೂಲ ಕೋಡ್ 2015ರ ನವೆಂಬರ್‌ನಿಂದ ಎಂಐಟಿ ಪರವಾನಗಿಯಲ್ಲಿದೆ. ಮೈಕ್ರೋಸಾಫ್ಟ್ ಕೊಡುವ ತಯಾರಿ ಪ್ರತಿಯ ಪರವಾನಗಿ ಬೇರೆ, ಅದರಲ್ಲಿ ಬಳಕೆಯ ಮಾಹಿತಿ ಕಳಿಸುವ ಟೆಲಿಮೆಟ್ರಿಯೂ ಇದೆ. ವಿಎಸ್‌ಕೋಡಿಯಂ ಆ ಮೂಲ ಕೋಡಿನಿಂದಲೇ ಕಟ್ಟಿದ್ದು. ಆದರೆ ಮೈಕ್ರೋಸಾಫ್ಟ್‌ನ ಮಾರ್ಕೆಟ್‌ಪ್ಲೇಸ್ ಬಳಸಲು ಅದಕ್ಕೆ ಅನುಮತಿ ಇಲ್ಲ. ಅದು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್‌ನಿಂದ ಎಕ್ಸ್‌ಟೆನ್ಷನ್ ತರುತ್ತದೆ. ಹಾಗಾಗಿ ನಿಮ್ಮ ಪುಟದಲ್ಲಿ ಪೈಥಾನ್‌ಗೆ ಪೈಲ್ಯಾನ್ಸ್ ಹಾಕಿ, ಮೈಕ್ರೋಸಾಫ್ಟ್‌ನ ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್ ಹಾಕಿ ಅಂತಿದ್ದರೆ ವಿಎಸ್‌ಕೋಡಿಯಂನವರಿಗೆ ಅದು ದಕ್ಕುವುದಿಲ್ಲ. ಇವೆರಡರ ಪರವಾನಗಿಯೇ ಮೈಕ್ರೋಸಾಫ್ಟ್‌ನ ಉತ್ಪನ್ನಗಳಿಗೆ ಸೀಮಿತ. ಪೈಲ್ಯಾನ್ಸ್ ಬದಲು ಪೈರೈಟ್ ಅಥವಾ ಬೇಸ್ಡ್‌ಪೈರೈಟ್, ಸಿ ಪ್ಲಸ್ ಪ್ಲಸ್‌ಗೆ ಕ್ಲ್ಯಾಂಗ್‌ಡಿ ಅಂತ ಬರೆಯಿರಿ. ಇದರಿಂದ ಇನ್ನೊಂದು ಲಾಭವೂ ಇದೆ. ಪೈರೈಟ್, ಕ್ಲ್ಯಾಂಗ್‌ಡಿ ನಿಯೋವಿಮ್‌ಗೂ ಈಮ್ಯಾಕ್ಸ್‌ಗೂ ಅದೇ. ಎಲ್ಲರೂ ಒಂದೇ ಸರ್ವರ್ ಬಳಸಿದರೆ ‘ನನ್ನ ಕಡೆ ಎರರ್ ಬರ್ತಿಲ್ಲ’ ಅನ್ನುವ ಮಾತು ಕಡಿಮೆಯಾಗುತ್ತದೆ.

ನಿಯೋವಿಮ್. ಪುಟ ಬರೆಯಲು ಅತ್ಯಂತ ಆಸೆಯಾಗುವುದೂ ಇದಕ್ಕೇ, ಬರೆದ ಪುಟ ಬೇಗ ಹಳತಾಗುವುದೂ ಇದರದ್ದೇ. 2014ರಲ್ಲಿ ವಿಮ್‌ನಿಂದ ಕವಲೊಡೆದದ್ದು. 2021ರ 0.5ರಲ್ಲಿ ಲ್ಯಾಂಗ್ವೇಜ್ ಸರ್ವರ್‌ಗೆ ಬೆಂಬಲ ಒಳಗೇ ಬಂತು. 2025ರ ಮಾರ್ಚ್‌ನ 0.11ರಲ್ಲಿ ಸರ್ವರ್ ಹೇಳುವ ರೀತಿ ಇನ್ನೂ ಸುಲಭವಾಯಿತು. ಸರ್ವರ್‌ನ ಕಮಾಂಡ್, ಯಾವ ಬಗೆಯ ಫೈಲಿಗೆ, ಯೋಜನೆಯ ಬೇರು ಎಲ್ಲಿದೆ ಅಂತ ಗುರುತಿಸಲು ಒಂದು ಫೈಲಿನ ಹೆಸರು, ಇಷ್ಟನ್ನು ಲುವಾದಲ್ಲಿ ಬರೆದು ಎನೇಬಲ್ ಅಂದರೆ ಮುಗೀತು. ಪ್ಲಗಿನ್ ಬೇಕಿಲ್ಲ.

ಹಾಗಾಗಿ ನಿಯೋವಿಮ್ ಪುಟ ಬರೆಯುವವರಿಗೆ ಒಂದೇ ಮಾತು. ನಿಮ್ಮ ಪ್ಲಗಿನ್ ಮ್ಯಾನೇಜರ್, ನಿಮ್ಮ ಕಲರ್ ಸ್ಕೀಮ್, ನಿಮ್ಮ ಕೀಬೋರ್ಡ್ ಶಾರ್ಟ್‌ಕಟ್ ಇದರಲ್ಲಿ ಬರಬಾರದು. ನಿಯೋವಿಮ್ ಬಳಸುವವರ ಹತ್ತಿರ ಅದೆಲ್ಲ ಆಗಲೇ ಇರುತ್ತದೆ, ನಿಮ್ಮದನ್ನು ಅವರು ತೆಗೆದುಕೊಳ್ಳುವುದೂ ಇಲ್ಲ. ಯೋಜನೆಗೆ ಬೇಕಾದ ಸರ್ವರ್ ಸೆಟ್ಟಿಂಗ್ ಹತ್ತು ಸಾಲು, ಇಂಥ ಆವೃತ್ತಿಯಲ್ಲಿ ಪರೀಕ್ಷಿಸಿದ್ದು ಅನ್ನುವ ಒಂದು ಸಾಲು. ಇಷ್ಟರಲ್ಲೇ ನಿಲ್ಲಿಸಿ.

ಹಳೇ ವಿಮ್‌ನಲ್ಲಿ ಸರ್ವರ್‌ಗೆ ಒಳಗಿನ ಬೆಂಬಲ ಇಲ್ಲ, ಕಾಕ್ ಅಥವಾ ಎಎಲ್‌ಇಯಂಥ ಪ್ಲಗಿನ್ ಬೇಕು. ಯಾವುದಾದರೂ ಒಂದಕ್ಕೆ ಬರೆದರೆ ಸಾಕು.

ಈಮ್ಯಾಕ್ಸ್. 2023ರ 29ನೇ ಆವೃತ್ತಿಯಿಂದ ಲ್ಯಾಂಗ್ವೇಜ್ ಸರ್ವರ್ ಜೊತೆ ಮಾತಾಡುವ ಎಗ್ಲಾಟ್ ಜೊತೆಗೇ ಬರುತ್ತದೆ. ಫೈಲು ತೆರೆದು ಎಗ್ಲಾಟ್ ಅಂತ ಕರೆದರೆ ಸರ್ವರ್ ಶುರು. ಯೋಜನೆಯ ಸೆಟ್ಟಿಂಗ್ ಇಡಲು ‘ಡಿರ್ ಲೋಕಲ್ಸ್’ ಫೈಲು ಬಹಳ ಕಾಲದಿಂದ ಇದೆ. ಅದನ್ನು ರೆಪೊದಲ್ಲಿಟ್ಟರೆ ಮೊದಲ ಸಲ ತೆರೆದಾಗ ‘ಈ ಸೆಟ್ಟಿಂಗ್‌ಗಳು ಸುರಕ್ಷಿತವೋ’ ಅಂತ ಈಮ್ಯಾಕ್ಸ್ ಕೇಳಬಹುದು. ಹಾಗೆ ಕೇಳುತ್ತದೆ, ಗಾಬರಿ ಬೇಡ ಅಂತ ಪುಟದಲ್ಲಿ ಬರೆಯಿರಿ. ಈಮ್ಯಾಕ್ಸ್ ಪುಟದ ದೊಡ್ಡ ಗುಣ ಅಂದರೆ ಅದಕ್ಕೆ ವಯಸ್ಸಾಗುವುದು ನಿಧಾನ. ಕರ್ನಲ್‌ನ ಕೋಡಿಂಗ್ ಸ್ಟೈಲ್ ದಾಖಲೆಯಲ್ಲಿ ಈಮ್ಯಾಕ್ಸ್‌ಗೆ ಕೊಟ್ಟ ಲಿಸ್ಪ್ ತುಣುಕು ವರ್ಷಗಳಿಂದ ಅಲ್ಲೇ ಕೂತಿದೆ.

ಹೀಲಿಕ್ಸ್. ಪುಟ ಬರೆಯುವವರ ದೃಷ್ಟಿಯಿಂದ ನನಗೆ ಇದು ಅಚ್ಚುಮೆಚ್ಚು. ಟರ್ಮಿನಲ್‌ನಲ್ಲಿ ಓಡುತ್ತದೆ, ಹಗುರ, ಲ್ಯಾಂಗ್ವೇಜ್ ಸರ್ವರ್ ಬೆಂಬಲ ಮತ್ತು ಕೋಡಿನ ರಚನೆ ಓದುವ ಟ್ರೀ ಸಿಟರ್ ಎರಡೂ ಒಳಗೇ ಇವೆ. ಪ್ಲಗಿನ್ ವ್ಯವಸ್ಥೆ ಇಲ್ಲದಿರುವುದನ್ನು ಬಳಸುವವರು ಕೊರತೆ ಅನ್ನಬಹುದು. ಬರೆಯುವವರಿಗೆ ಅದೇ ಅನುಕೂಲ, ಎಲ್ಲರ ಹೀಲಿಕ್ಸೂ ಹೆಚ್ಚುಕಡಿಮೆ ಒಂದೇ ಥರ. ಹೆಲ್ತ್ ಅನ್ನುವ ಆಯ್ಕೆಯ ಜೊತೆ ಭಾಷೆಯ ಹೆಸರು ಕೊಟ್ಟು ಓಡಿಸಿದರೆ ಸರ್ವರ್ ಸಿಕ್ಕಿದೆಯೋ ಇಲ್ಲವೋ ಅಂತ ಅದೇ ಹೇಳುತ್ತದೆ. ಇಶ್ಯೂ ಹಾಕುವಾಗ ಆ ಔಟ್‌ಪುಟ್ ಅಂಟಿಸಿ ಅಂದರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಹೊಸಬರಿಗೆ ಮಾತ್ರ ಕೀಲಿಗಳನ್ನು ಕಲಿಯಲು ಸಮಯ ಬೇಕು. ವಿಮ್‌ನಿಂದ ಬಂದವರಿಗೂ ಕೈ ತಪ್ಪುತ್ತದೆ. ಇಲ್ಲಿ ಮೊದಲು ಆಯ್ಕೆ, ಆಮೇಲೆ ಕ್ರಿಯೆ.

ಜೆಟ್‌ಬ್ರೈನ್ಸ್. ಜಾವಾ ಅಥವಾ ಕಾಟ್ಲಿನ್ ಯೋಜನೆಯಾದರೆ ಇದೇ ಮೊದಲ ಪುಟ ಆಗಬೇಕು. ಇಂಟೆಲ್ಲಿಜೆಯಲ್ಲಿ ಗ್ರೇಡಲ್ ಫೋಲ್ಡರ್ ತೆರೆದರೆ ಸಾಮಾನ್ಯವಾಗಿ ಅದೇ ಎಲ್ಲ ಓದಿಕೊಳ್ಳುತ್ತದೆ. ಬರೆಯಬೇಕಾದ್ದು ಯಾವ ಜೆಡಿಕೆ (ಜಾವಾದ ಟೂಲ್ ಕಿಟ್), ಯಾವ ಕೋಡ್ ಸ್ಟೈಲ್ ಅನ್ನುವುದು ಮಾತ್ರ. ರ‍್ಯಾಮ್ ಚೆನ್ನಾಗಿ ತಿನ್ನುತ್ತದೆ, ಅದನ್ನು ಮುಚ್ಚಿಡಬೇಡಿ.

ಝೆಡ್. ಆಟಮ್ ಅನ್ನುವ ಹಳೇ ಎಡಿಟರ್ ಕಟ್ಟಿದವರೇ ಕಟ್ಟಿದ್ದು. 2024ರ ಜನವರಿಯಲ್ಲಿ ಓಪನ್ ಸೋರ್ಸ್ ಆಯಿತು. ವೇಗವಾಗಿದೆ, ವೇಗವಾಗಿ ಬದಲಾಗುತ್ತಲೂ ಇದೆ. ಪುಟ ಬರೆದರೆ ಚಿಕ್ಕದಾಗಿ ಬರೆಯಿರಿ. ಆಟಮ್ ಪುಟ ಇನ್ನೂ ಇಟ್ಟುಕೊಂಡಿರುವ ಯೋಜನೆಗಳಿವೆ. ಅದು 2022ರ ಡಿಸೆಂಬರ್ 15ಕ್ಕೆ ಮುಗಿದ ಕಥೆ. ದಯವಿಟ್ಟು ತೆಗೆಯಿರಿ.

ಕೇಟ್. ಹೆಸರು ಕೇಳಿದವರು ಕಡಿಮೆ. ಕೆಡಿಇಯವರದ್ದು, ವಿಂಡೋಸ್‌ನಲ್ಲೂ ಸಿಗುತ್ತದೆ. ಮಾಮೂಲಿ ಮೆನು, ಮಾಮೂಲಿ ಶಾರ್ಟ್‌ಕಟ್, ಲ್ಯಾಂಗ್ವೇಜ್ ಸರ್ವರ್ ಬೆಂಬಲವೂ ಇದೆ. ಹಳೇ ಲ್ಯಾಪ್‌ಟಾಪಿನ ವಿದ್ಯಾರ್ಥಿಗೆ ಯಾವುದು ಅಂದರೆ ನಾನು ಹೀಲಿಕ್ಸ್‌ಗಿಂತ ಮೊದಲು ಇದನ್ನೇ ಹೇಳುತ್ತೇನೆ. ಹೊಸ ಕೀಲಿಗಳನ್ನು ಕಲಿಯುತ್ತಾ ಕೂತರೆ ಮೊದಲ ಪಿಆರ್ ಹಿಂದೆ ಬೀಳುತ್ತದೆ.

## ಕನ್ನಡ ಪಠ್ಯ ಇರುವ ಯೋಜನೆಯಾದರೆ

ಅನುವಾದದ ಫೈಲುಗಳು, ಫಾಂಟ್‌ಗಳು, ಸ್ಪೆಲ್ ಚೆಕರ್, ಹೀಗೆ ಕನ್ನಡ ಅಕ್ಷರಗಳೇ ಕೋಡಿನ ಭಾಗವಾಗಿರುವ ಯೋಜನೆಗಳಲ್ಲಿ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಟರ್ಮಿನಲ್ ಎಡಿಟರ್‌ಗಳು ಇಲ್ಲಿ ಕೈಕೊಡುತ್ತವೆ. ಟರ್ಮಿನಲ್ ಅಂದರೆ ಸಮ ಅಗಲದ ಮನೆಗಳ ಚೌಕಟ್ಟು. ಕನ್ನಡದ ‘ಕ್ಷ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ಹಲಂತದ ಗುರುತು, ಷ ಅಂತ ಮೂರು ಸಂಕೇತ, ಯುಟಿಎಫ್ 8ರಲ್ಲಿ 9 ಬೈಟ್. ಇದನ್ನು ಎಷ್ಟು ಮನೆಯಲ್ಲಿ ಕೂರಿಸಬೇಕು ಅನ್ನುವಲ್ಲಿ ಟರ್ಮಿನಲ್ ಮತ್ತು ಎಡಿಟರ್ ಒಪ್ಪದಿದ್ದರೆ ಒತ್ತಕ್ಷರ ಒಡೆಯುತ್ತದೆ, ಕರ್ಸರ್ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಅಳಿಸುತ್ತದೆ.

ಹಾಗಾಗಿ ಇಂಥ ಯೋಜನೆಯ ಪುಟದಲ್ಲಿ ಗ್ರಾಫಿಕಲ್ ಎಡಿಟರ್‌ಗಳನ್ನೇ ಮುಂದಿಡಿ. ವಿಎಸ್ ಕೋಡ್ ಮತ್ತು ವಿಎಸ್‌ಕೋಡಿಯಂ ಬ್ರೌಸರ್‌ನ ಎಂಜಿನ್ ಮೇಲೆ ನಿಂತಿರುವುದರಿಂದ ಕನ್ನಡ ಸರಿಯಾಗಿ ಕಾಣುತ್ತದೆ. ಕೇಟ್ ಕೂಡ ಸರಿ. ಈಮ್ಯಾಕ್ಸ್ 27ರಿಂದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಬಳಸುತ್ತದೆ, ಆದರೆ ಅದರ ಕಿಟಕಿಯಲ್ಲಿ ತೆರೆದರೆ ಮಾತ್ರ. ಅನುವಾದ ಮಾತ್ರ ಮಾಡುವವರನ್ನು ಕೋಡ್ ಎಡಿಟರ್‌ಗೆ ಎಳೆಯಲೇಬೇಡಿ. ಅನುವಾದಕ್ಕೆಂದೇ ಇರುವ ಪೋಎಡಿಟ್ ಅಥವಾ ವೆಬ್ಲೇಟ್ ಸಾಕು.

ಇನ್ನೊಂದು ಕಾಣದ ತೊಂದರೆ. ‘ಎಡಿಟರ್‌ಗಳು’ ಅಂತ ಸರಿಯಾಗಿ ಕಾಣಬೇಕಾದರೆ ‘ರ್’ ಮತ್ತು ‘ಗ’ ನಡುವೆ ಒಂದು ಶೂನ್ಯ ಅಗಲದ ಅಕ್ಷರ ಇರಬೇಕು. ಇಲ್ಲದಿದ್ದರೆ ಅದು ‘ಎಡಿಟರ್ಗಳು’ ಆಗುತ್ತದೆ. ಕೋಡಿನಲ್ಲಿ ಕಾಣದ ಅಕ್ಷರ ಇದ್ದರೆ ಅನುಮಾನದಿಂದ ಎತ್ತಿ ತೋರಿಸುವ ಎಡಿಟರ್‌ಗಳಿವೆ. ವಿಎಸ್ ಕೋಡ್‌ನಲ್ಲಿ ಅದಕ್ಕೊಂದು ಸೆಟ್ಟಿಂಗೇ ಇದೆ. ಕನ್ನಡ ಬಾರದ ಕಾಂಟ್ರಿಬ್ಯೂಟರ್ ಅದನ್ನು ಕಸ ಅಂದುಕೊಂಡು ಅಳಿಸಿ, ‘ಕ್ಲೀನಪ್’ ಅಂತ ಕಮಿಟ್ ಹಾಕುವುದು ಸುಲಭ. ‘ಅನುವಾದದ ಫೋಲ್ಡರಿನಲ್ಲಿ ಶೂನ್ಯ ಅಗಲದ ಅಕ್ಷರ ಅಳಿಸಬೇಡಿ’ ಅಂತ ಎಡಿಟರ್ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ.

## ಫೈಲುಗಳನ್ನು ಎಲ್ಲಿಡುವುದು, ಪುಟ ಯಾರದ್ದು

ಎಡಿಟರ್‌ನ ಫೋಲ್ಡರನ್ನು ರೆಪೊದಲ್ಲಿ ಇಡಬೇಕೋ ಬೇಡವೋ ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. ನಾನು ಹೇಳುವುದು ಇಷ್ಟು. ಎಲ್ಲರಿಗೂ ಬೇಕಾದ ಸೆಟ್ಟಿಂಗ್ ಮಾತ್ರ ರೆಪೊದಲ್ಲಿರಲಿ. ಥೀಮು, ಅಕ್ಷರದ ಗಾತ್ರ, ಕೊನೆಯ ಸಲ ತೆರೆದ ಟ್ಯಾಬ್ ಇವೆಲ್ಲ ಒಳಗೆ ಬರಬಾರದು. ವಿಮ್‌ನ ಸ್ವಾಪ್ ಫೈಲು, ಜೆಟ್‌ಬ್ರೈನ್ಸ್‌ನ ಐಡಿಯಾ ಫೋಲ್ಡರ್, ಮ್ಯಾಕ್‌ನ ಡಿಎಸ್ ಸ್ಟೋರ್ ಅಂತ ಯೋಜನೆಯ ಗಿಟ್ ಇಗ್ನೋರ್ ಅನ್ನು ಉದ್ದ ಮಾಡುತ್ತಾ ಹೋಗುವ ಬದಲು, ತಮ್ಮ ಮಷೀನಿನ ಗ್ಲೋಬಲ್ ಇಗ್ನೋರ್ ಫೈಲಿಗೆ ಸೇರಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡಿ. ಒಮ್ಮೆ ಮಾಡಿದರೆ ಅವರ ಎಲ್ಲ ರೆಪೊಗಳಿಗೂ ಆಯಿತು.

ಫಾರ್ಮ್ಯಾಟಿಂಗನ್ನು ಎಡಿಟರ್ ಮೇಲೆ ಬಿಡಬೇಡಿ. ಪ್ರೀ ಕಮಿಟ್‌ನಂಥ ಟೂಲ್‌ನಿಂದ ಕಮಿಟ್ ಮಾಡುವಾಗಲೂ, ಪಿಆರ್ ಬಂದಾಗ ತಾನಾಗೇ ಪರೀಕ್ಷೆ ಓಡಿಸುವ ಸಿಐನಲ್ಲೂ ಅದೇ ಫಾರ್ಮ್ಯಾಟರ್, ಅದೇ ಆವೃತ್ತಿ ಓಡಲಿ. ಆಗ ನೋಟ್‌ಪ್ಯಾಡ್‌ನಲ್ಲಿ ಬರೆದವರ ಪಿಆರ್ ಕೂಡ ಸರಿಯಾಗಿರುತ್ತದೆ.

ಪ್ರತಿ ಪುಟದ ಮೇಲ್ಗಡೆ ಮೂರು ವಿಷಯ ಹಾಕಿ: ಯಾವ ಆವೃತ್ತಿಯಲ್ಲಿ ನೋಡಿದ್ದು, ಯಾವಾಗ ನೋಡಿದ್ದು, ತೊಂದರೆಯಾದರೆ ಯಾರನ್ನು ಟ್ಯಾಗ್ ಮಾಡಬೇಕು. ಗಿಟ್‌ಹಬ್‌ನಲ್ಲಿದ್ದರೆ ಕೋಡ್ ಓನರ್ಸ್ ಫೈಲಿನಲ್ಲಿ ಆ ಪುಟಕ್ಕೆ ಅದನ್ನು ಬರೆದವರನ್ನೇ ಸೇರಿಸಬಹುದು, ರೆಪೊಗೆ ಅವರಿಗೆ ರೈಟ್ ಅನುಮತಿ ಇರಬೇಕು ಅಷ್ಟೇ. ಯಾರೂ ಬಳಸದ ಎಡಿಟರ್‌ಗೆ ಪಟ್ಟಿ ತುಂಬಲಿ ಅಂತ ಪುಟ ಬರೆಯಬೇಡಿ. ಬರೆದವರು ಯೋಜನೆ ಬಿಟ್ಟುಹೋದರೆ ಒಂದು ಇಶ್ಯೂ ತೆರೆದು ‘ಇದನ್ನು ಯಾರಾದರೂ ನೋಡಿಕೊಳ್ತೀರಾ’ ಅಂತ ಕೇಳಿ. ಮುಂದಿನ ರಿಲೀಸ್ ತನಕ ಯಾರೂ ಬರದಿದ್ದರೆ ಪುಟ ತೆಗೆದುಬಿಡಿ. ಬೇಕಾದಾಗ ಗಿಟ್ ಹಿಸ್ಟರಿಯಿಂದ ವಾಪಸ್ ತರಬಹುದು.